ಟ್ರ್ಯಾಕ್ಟರ್ ಸಾಮಾನು

"ಬೆಳ್ಳುಳ್ಳಿ ನಾತದ ನನ್ಮಕ್ಕಳಾ, ಬಿರ್ರನೆ ಇಳೀರಲೇ. ಇದೇನು ನಿಮ್ಮಪ್ಪನ ಮನೆ ಹಡಗಾ?"

ಮೇಸ್ತ್ರಿ ಹಾರ್ಮೆನ್ ಏಣಿ ಇಳಿಯುತ್ತಿದ್ದ ಆದೆಲಿನೊನ ಹೆಗಲನ್ನು ಬೂಟಿನಲ್ಲಿ ಒತ್ತಿದ. ಆದೆಲಿನೊ ಇಳಿದ. ರಾಟರ್‌ಡ್ಯಾಮ್ ಬಂದರಿಗೆ ಬಂದ ಮೇಲೆ ಪೋರ್ಚುಗಲ್ಲಿನವನಾದ ಅವನಿಗೆ ಡಚ್ ಭಾಷೆ ಕಲಿಸಿದ್ದೇ ಈ ಮೇಸ್ತ್ರಿಯ ಬೈಗುಳ.

ಹಡಗು ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹೊರಡಲಿತ್ತು. ಬಂದರಿನ ಕಾಯಂ ಕೂಲಿಗಳು ಬೆಳಿಗ್ಗೆಯೇ ಕೆಲಸ ನಿಲ್ಲಿಸಿ ದಡದಲ್ಲಿ ನಿಂತಿದ್ದರು. ಪೆಟ್ಟಿಗೆಗಳಲ್ಲಿರುವುದು ಮದ್ದುಗುಂಡು, ಲಿಸ್ಬನ್ನಿನಿಂದ ಹೋಗುವುದು ಆಫ್ರಿಕಾದ ಗಿನಿಗೆ, ಅಲ್ಲಿ ಪೋರ್ಚುಗಲ್ಲಿನ ಸೈನ್ಯ ಸ್ವಾತಂತ್ರ್ಯ ಕೇಳಿದವರನ್ನು ಕೊಲ್ಲುತ್ತಿದೆ ಎಂಬುದು ಅವರ ಮಾತು. ಟ್ರ್ಯಾಕ್ಟರ್ ಸಾಮಾನು ಎಂಬುದು ಮೇಸ್ತ್ರಿಯ ಮಾತು. ಕಾಯಂ ಕೂಲಿಗಳ ಬದಲು, ಹಡಗಿನ ಹೊಟ್ಟೆ ತೊಳೆಯುವ ಪರದೇಶಿಗಳನ್ನು ಅವನು ಪೆಟ್ಟಿಗೆ ಹೊರಲು ಇಳಿಸಿದ್ದ. ದಡದವರು "ದ್ರೋಹಿಗಳು" ಎಂದು ಕೂಗುತ್ತಿದ್ದರು.

"ಕ್ಯಾಂಟೀನಲ್ಲಿ ನಾವು ಪಕ್ಕ ಕುಂತ್ರೆ ತಟ್ಟೆ ಎತ್ಕಂಡು ಎದ್ದೋಗೋರು, ಇವತ್ತು ನಮಗೆ ನ್ಯಾಯ ಯೋಳ್ತಾವ್ರೆ," ಎಂದ ಆದೆಲಿನೊ.

"ಎದ್ದೋಗ್ಲಿ ಬಿಡು. ಯೋಳ್ತಿರೋದು ದಿಟವೋ ಸುಳ್ಳೋ, ಅದ್ನ ನೋಡು," ಎಂದ ಬೆಂತೊ.

ಬೆಂತೊ ಪೋರ್ಚುಗಲ್ ಆಳುವ ಕೇಪ್ ವರ್ಡೆ ದ್ವೀಪದ ಕರಿಯ, ವಯಸ್ಸಿನಲ್ಲಿ ಹಿರಿಯ. ಇಬ್ಬರದೂ ಪೋರ್ಚುಗೀಸ್ ಮಾತು. ಒಬ್ಬನಿಗೆ ತಾಯಿ ಕೊಟ್ಟದ್ದು, ಇನ್ನೊಬ್ಬನಿಗೆ ಧಣಿ ಕೊಟ್ಟದ್ದು. ಬೆಂತೊನ ಅಕ್ಕನ ಮಗ ಗಿನಿಯ ಕಾಡಿನಲ್ಲಿ ಬಂದೂಕು ಹಿಡಿದಿದ್ದ. ಅಂಥವರನ್ನು ಕೊಲ್ಲಲು ಸೇನೆ ಕರೆದಾಗ ಆದೆಲಿನೊ ಊರು ಬಿಟ್ಟು ಓಡಿಬಂದಿದ್ದ. ಮರುವರ್ಷ ಅವನ ತಮ್ಮನನ್ನು ಅದೇ ಸೇನೆಗೆ ಎಳೆದೊಯ್ದಿದ್ದರು.

ಬೆಂತೊ ಹಾರೆಯಿಂದ ಪೆಟ್ಟಿಗೆಯೊಂದರ ಹಲಗೆ ಎಬ್ಬಿಸಿದ. ಎಣ್ಣೆಕಾಗದದೊಳಗೆ ತೋಟಾಗಳು ಸಾಲಾಗಿ ಮಲಗಿದ್ದವು.

"ಒಳ್ಳೆ ಟ್ರ್ಯಾಕ್ಟ್ರು. ಇದ್ರಲ್ಲಿ ನಮ್ಮಕ್ಕನ ಮಗನ್ನ ಉಳ್ತಾರೆ."

"ನನ್ ತಮ್ಮನೇ ಹೊಡೀಬೋದು, ಬೆಂತಣ್ಣ."

"ಹೊಡೀಬೋದು. ಅವನೂ ಸಾಯ್ಬೋದು. ಯಾರು ಸತ್ರೂ ಹೊತ್ತುಕೊಟ್ಟೋರು ನಾವೇ." ಬೆಂತೊ ಪೆಟ್ಟಿಗೆಯ ಮೇಲೆ ಕೂತುಬಿಟ್ಟ.

ಹಾರ್ಮೆನ್ ಮೇಲಿಂದ ಬಗ್ಗಿ ನೋಡಿದ.

"ಏಯ್ ಪೋರ್ಚುಗೀಸು, ಎಬ್ಬಿಸೋ ಆ ಕರಿ ಸೂಳೆಮಗನ್ನ. ನಿಮ್ಮ ಗುಲಾಮ ತಾನೆ ಅವನು? ಒದ್ದು ಎಬ್ಬಿಸು. ಇಲ್ಲಾಂದ್ರೆ ಪೋಲೀಸ್ ಕರೆಸಿ ನಿನ್ನೇ ಲಿಸ್ಬನ್ ರೈಲು ಹತ್ತಿಸ್ತೀನಿ. ಅಲ್ಲಿ ನಿನ್ನ ದಾರಿ ಕಾಯ್ತಾವ್ರಲ್ಲ."

ಅಲ್ಲಿನ ಜೈಲಿನಿಂದ ಆದೆಲಿನೊನ ಸೋದರಮಾವ ಉಗುರುಗಳಿಲ್ಲದೆ ಮನೆಗೆ ಬಂದಿದ್ದ. ಆದೆಲಿನೊಗೆ ಕಾಲು ನಡುಗಿತು. ನಡುಗುವ ಕಾಲಿಗೆ ಕೂರುವುದೇ ಸುಲಭ ಅನ್ನಿಸಿತು. ಬೆಂತೊನ ಪಕ್ಕದಲ್ಲಿ ಕೂತ.

"ಸರಕು ಇಳಿಸು," ಎಂದು ಹಾರ್ಮೆನ್, ಹಡಗಿನ ಕ್ರೇನ್ ನಡೆಸುತ್ತಿದ್ದ ತುರ್ಕಿಯ ಶುಕ್ರುಗೆ ಹೇಳಿದ. "ತಲೆ ಮೇಲೆ ಬಂದ್ರೆ ಏಳ್ತವೆ ನಾಯಿಗಳು."

ಹಗ್ಗದ ಬಲೆಯಲ್ಲಿ ಪೆಟ್ಟಿಗೆಗಳು ಇಳಿದು ಬೆಳಕು ಮುಚ್ಚಿದವು. ಆದೆಲಿನೊನ ತಲೆಗೆ ಮೊಳದಷ್ಟು ಮೇಲೆ ನಿಂತವು.

"ಇನ್ನೂ ಇಳಿಸು."

"ಸಾಯ್ತಾರೆ," ಎಂದ ಶುಕ್ರು.

"ಎದ್ದೋಗಾಕೆ ಕಾಲಿಲ್ವಾ ಅವರ್ಗೆ? ಇಳಿಸಲೇ."

ಶುಕ್ರು ಕೈಗವಸು ಬಿಚ್ಚಿ ಜೇಬಿಗಿಟ್ಟುಕೊಂಡ. ಕ್ರೇನ್ ಬಿಟ್ಟು ಬಂದು, ದಡದ ಕಡೆ ಹೋಗದೆ, ಏಣಿ ಹಿಡಿದು ಹಡಗಿನ ಹೊಟ್ಟೆಗೇ ಇಳಿದ. ತೂಗುತ್ತಿದ್ದ ಸರಕಿನ ಅಡಿಯಲ್ಲಿ ತೂರಿ, "ವಸಿ ಸರ್ಕಳ್ರಪ್ಪ," ಎಂದು ತುರ್ಕಿ ಮಾತಿನಲ್ಲಿ ಹೇಳಿ, ಕೈಸನ್ನೆ ಮಾಡಿ ಕೂತ. ಅವನ ಭಾಷೆ ಇವರಿಗೆ ಬಾರದು.

ಕ್ರೇನ್ ನಡೆಸಲು ಬೇರೆ ಆಳಿಲ್ಲದೆ ಹಾರ್ಮೆನ್ ಪೋಲೀಸರಿಗೆ ಹೇಳಿಕಳಿಸಿದ. ಸ್ವಲ್ಪ ಹೊತ್ತಿಗೆ ಪೋಲೀಸ್ ಗಾಡಿ ಬಂತು. ದಡದ ಕೂಗು ನಿಂತಿತು.

"ಮೊದ್ಲು ಆ ಪೋರ್ಚುಗೀಸನ್ನ ಎಳೀರಿ," ಎಂದು ಹಾರ್ಮೆನ್ ತೋರಿಸಿದ.

ಪೋಲೀಸಿನವನೊಬ್ಬ ಏಣಿಯಲ್ಲಿ ಅರ್ಧ ಇಳಿದ. ತೂಗುವ ಪೆಟ್ಟಿಗೆಗಳನ್ನು ಕಂಡು ಅಲ್ಲೇ ನಿಂತ. "ಹೊರಗೆ ಬಾ," ಅಂದ.

"ನೀವೇ ಬನ್ನಿ ಸಾಮಿ," ಎಂದ ಆದೆಲಿನೊ, "ಜಾಗ ಐತೆ."

ಹಗ್ಗ ಕಿರ್ ಎಂದಿತು. ಪೆಟ್ಟಿಗೆಗಳು ಮೂವರ ತಲೆಯ ಮೇಲೆ ನಿಧಾನವಾಗಿ ಒಂದು ಸುತ್ತು ತಿರುಗಿದವು.