ಪಾಲಮ್ಮನ ಬಲಗೈ

ದೊಡ್ಡಉಳ್ಳಾರ್ತಿಯಲ್ಲಿ ಮಗುವಿಗೆ ಜ್ವರ ಬಂದರೆ ಚಳ್ಳಕೆರೆಯ ಬಸ್ಸು ಹತ್ತುತ್ತಾರೆ. ಭೇದಿಯಾದರೂ ಹತ್ತುತ್ತಾರೆ. ಮಗು ಕೂರದಿದ್ದರೆ, ಕೈ ಆಡಿಸದಿದ್ದರೆ ಮಾತ್ರ ಯಾರೂ ಹತ್ತುವುದಿಲ್ಲ. "ಕೆಲವು ಮಕ್ಳು ತಡ ಕಣ್ರಿ" ಅಂತ ಸುಮ್ಮನಾಗುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಾನು ವನಜಾಕ್ಷಿ, ಈ ಊರಿನ ಅಂಗನವಾಡಿ ಕಾರ್ಯಕರ್ತೆ. ಇದು ಒಂದೂವರೆ ವರ್ಷದ ಹಿಂದಿನ ಮಾತು, 2004ನೇ ಇಸವಿ. ಕುರಿ ಸಾಕುವ ಗಾದ್ರಪ್ಪನವರ ಸೊಸೆ ಸ್ವಪ್ನ ತನ್ನ ಮಗಳು ಪಾಲಮ್ಮನನ್ನು ತೂಕಕ್ಕೆ ಎತ್ತಿಕೊಂಡು ಬಂದಳು. ಮಗುವಿಗೆ ಹದಿನಾಲ್ಕು ತಿಂಗಳು. ಅದರ ಎಡಗೈಗೆ ಹಳೇ ಸೀರೆಯ ಚೂರು ಸುತ್ತಿ ಬಿಗಿಯಾಗಿ ಕಟ್ಟಿದ್ದರು.

"ಏನೇ, ಗಾಯ ಆಯ್ತಾ?" ಅಂದೆ.

"ಗಾಯ ಅಲ್ಲಕ್ಕ. ಏನ್ ಕೊಟ್ರೂ ಎಡಗೈಲೇ ಹಿಡೀತಾಳೆ. ಎಡಚಿ ಆಗ್ತಾಳೆ ಅಂತ ನಮ್ಮತ್ತೆ ಕಟ್ಟವ್ರೆ."

ಬಟ್ಟೆ ಬಿಚ್ಚಿದೆ. ಎಡಗೈ ಕೂಡಲೇ ನನ್ನ ಕರಿಮಣಿ ಸರಕ್ಕೆ ಬಂತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡೇ ಇತ್ತು. ಬೆರಳು ಬಿಡಿಸಿದೆ, ಮತ್ತೆ ಮುಚ್ಚಿಕೊಂಡವು. ಅಂಗೈಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿತ್ತು. ನೆಲದ ಮೇಲೆ ಕೂರಿಸಿದರೆ ಮಗು ಬಲಕ್ಕೆ ವಾಲಿ ಬೀಳುತ್ತಿತ್ತು. ಇದು ಎಡಚಿಯ ಲಕ್ಷಣ ಅಲ್ಲವೇ ಅಲ್ಲ.

ಮೊದಲು ನನ್ನ ಮೇಲೇ ಸಿಟ್ಟು ಬಂತು. ತಿಂಗಳು ತಿಂಗಳು ಈ ಮಗುವನ್ನು ತೂಗಿದವಳು ನಾನೇ. ತೂಕ ಸರಿಯಾಗಿತ್ತು, ಪಟ್ಟಿಯಲ್ಲಿ ಚುಕ್ಕೆ ಇಟ್ಟು "ಚೆನ್ನಾಗವ್ಳೆ" ಅಂತ ಕಳಿಸುತ್ತಿದ್ದೆ. ಒಂದು ದಿನವೂ ಕೈ ಬಿಡಿಸಿ ನೋಡಿರಲಿಲ್ಲ.

"ಡಾಕ್ಟ್ರಿಗೆ ತೋರಿಸ್ದ್ಯಾ?"

"ಪೇಟೇಲಿ ಒಬ್ರಿಗೆ ತೋರಿಸಿದ್ವಿ. ಮಗು ದಪ್ಪ ಐತೆ, ಸೋಮಾರಿ, ಟಾನಿಕ್ ಕುಡ್ಸಿ ಅಂದ್ರು. ಕೈ ಮುಟ್ಟೂ ನೋಡ್ಲಿಲ್ಲ ಕಣಕ್ಕ."

ಹದಿನಾಲ್ಕು ತಿಂಗಳ ಮಗು ಸೋಮಾರಿಯಂತೆ! ಯಾರ ಹೊಲದ ಕಳೆ ಕೀಳದೆ ಬಿಟ್ಟಿತ್ತು ಅದು?

ಆ ತಿಂಗಳ ತರಬೇತಿಯಲ್ಲಿ ನಮಗೆ ಆಕ್ಯುಪೇಷನಲ್ ಥೆರಪಿ ಅಂತ ಒಂದು ಚಿಕಿತ್ಸೆಯ ಬಗ್ಗೆ ಹೇಳಿದ್ದರು. ಹಿಡಿಯುವುದು, ಕೂರುವುದು, ಉಣ್ಣುವುದು, ಆಡುವುದು, ಇವು ತಾವಾಗಿ ಬಾರದ ಮಕ್ಕಳಿಗೆ ಆಟದಲ್ಲೇ ಕಲಿಸುವ ಚಿಕಿತ್ಸೆ ಅದು. ಗೋವರ್ಧನ ಅನ್ನುವ ತಜ್ಞರು ಹದಿನೈದು ದಿನಕ್ಕೊಮ್ಮೆ, ಗುರುವಾರ, ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಗೆ ಬರುತ್ತಿದ್ದರು. ಅದನ್ನು ಸ್ವಪ್ನಳಿಗೆ ಹೇಳಿದೆ.

"ನೀವೇ ಬಂದು ಮಾವಂಗೆ ಹೇಳ್ರಕ್ಕ. ನಾನು ಅವರ ಮುಂದೆ ಬಾಯಿ ಬಿಡಂಗಿಲ್ಲ," ಅಂದಳು.

ಮರುದಿನ ಬೆಳಿಗ್ಗೆ ಹೋದೆ. ಗಾದ್ರಪ್ಪ ಕುರಿ ಕೂಡುವ ರೊಪ್ಪದಲ್ಲಿ ಕೂತಿದ್ದರು. ಮಡಿಲಲ್ಲಿ ಆಗತಾನೇ ಹುಟ್ಟಿದ ಮರಿ. ಅದಕ್ಕೆ ನಿಲ್ಲಲು ಆಗುತ್ತಿರಲಿಲ್ಲ. ಅದರ ಕಾಲು ತಿಕ್ಕುವುದು, ಹೊಟ್ಟೆಗೆ ಕೈ ಕೊಟ್ಟು ನಿಲ್ಲಿಸುವುದು, ಬಿದ್ದರೆ ಮತ್ತೆ ನಿಲ್ಲಿಸುವುದು, ತಾಯಿಯ ಕೆಚ್ಚಲಿಗೆ ಬಾಯಿ ಹಚ್ಚುವುದು, ಇದೇ ಮಾಡುತ್ತಿದ್ದರು.

"ಎಷ್ಟೊತ್ತಿಂದ ಕೂತೀರಿ?" ಅಂದೆ.

"ಕೋಳಿ ಕೂಗಿದಾಗಿಂದ. ಈಗ ಬಿಟ್ರೆ ಇದು ಮ್ಯಾಲೇಳಲ್ಲ ಕಣಮ್ಮ. ಇವತ್ತು ನಾಳೆ, ಎರಡೇ ದಿನ ನಮ್ ಕೈಲಿರೋದು."

ನಾನು ಬಂದ ವಿಷಯ ಹೇಳಿದೆ. ಅವರು ತಲೆ ಎತ್ತಲೂ ಇಲ್ಲ. "ಐದು ವರ್ಸ ತುಂಬ್ಲಿ ತಾಯಿ. ತಾನಾಗೇ ಸರಿಹೋಗ್ತೈತೆ. ನಮ್ಮಪ್ಪನೂ ತಡವಾಗೇ ನಡೆದಿದ್ನಂತೆ."

ಹೆಂಡತಿ ಸೂರಮ್ಮ ಬಾಗಿಲಿಂದಲೇ ದನಿಗೂಡಿಸಿದರು. "ಕೈ ಸರಿಯಿಲ್ಲ ಅಂತ ಊರಿಗೆಲ್ಲ ಸಾರಿದ್ರೆ ಹೆಣ್ಕೂಸನ್ನ ನಾಳೆ ಯಾರ್ ಮಾಡ್ಕೊಂತಾರೆ?"

ಮಗು ಇನ್ನೂ ಕೂರಲು ಕಲಿತಿಲ್ಲ, ಇವರಿಗೆ ಮದುವೆಯ ಚಿಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಸ್ವಪ್ನ ಮುಂದೆ ಬಂದಳು.

"ಮಾವ, ಮರಿಗೆ ಎರಡು ದಿನ ತಡ ಮಾಡಂಗಿಲ್ಲ. ನನ್ ಮಗಳು ಐದು ವರ್ಸ ಕಾಯ್ಬೇಕಾ?"

"ಏನಂದೆ? ಮರೀನೂ ಮಗೂನೂ ಒಂದೇನಾ?" ಗಾದ್ರಪ್ಪ ಗುಡುಗಿದರು.

"ಒಂದಲ್ಲ ಮಾವ. ಅದಕ್ಕೇ ಕೇಳ್ತಿದೀನಿ."

ಸೂರಮ್ಮ ಬೈಯಲು ಶುರು ಮಾಡಿದರು. ಗಾದ್ರಪ್ಪ ಕೈ ಎತ್ತಿ ತಡೆದರು. ಆಮೇಲೆ ಮರಿಯನ್ನು ಮತ್ತೆ ನಿಲ್ಲಿಸತೊಡಗಿದರು. ಗುರುವಾರ ನಾವು ಬಸ್ ನಿಲ್ದಾಣಕ್ಕೆ ಹೋದರೆ, ಹೆಗಲಿಗೆ ಕಂಬಳಿ ಹಾಕಿಕೊಂಡು ನಮಗಿಂತ ಮೊದಲೇ ನಿಂತಿದ್ದರು. ಪಕ್ಕದಲ್ಲಿ ಸೂರಮ್ಮ, ಮುಖ ಊದಿಸಿಕೊಂಡು.

ಚಳ್ಳಕೆರೆಯಲ್ಲಿ ಗೋವರ್ಧನ ಸೂಜಿ ಚುಚ್ಚಲಿಲ್ಲ. ಚಾಪೆಯ ಮೇಲೆ ಮಗುವನ್ನು ತಮ್ಮ ಮೊಣಕಾಲುಗಳ ನಡುವೆ ಕೂರಿಸಿ, ಬಲ ಅಂಗೈಯನ್ನು ಮೆಲ್ಲಗೆ ಸವರಿ, ದೊಡ್ಡ ಬಳೆಯೊಂದನ್ನು ಹಿಡಿಸಿದರು.

ಎಡಗೈ ಕಟ್ಟಿದ್ದ ವಿಷಯ ನಾನು ಹೇಳಿದೆ. "ಇವಳು ಎಡಚಿ ಅಲ್ಲ," ಅಂದರು. "ಈ ವಯಸ್ಸಿನಲ್ಲಿ ಮಗು ಎರಡೂ ಕೈ ಬಳಸಬೇಕು. ಒಂದನ್ನೇ ಬಳಸಿದರೆ ಇನ್ನೊಂದಕ್ಕೆ ಕಷ್ಟ ಇದೆ ಅಂತ ಅರ್ಥ. ಕೈಗೆ ಹೇಳಿಕೊಡೋ ಮೆದುಳಲ್ಲಿ ತೊಂದರೆ ಇರಬಹುದು, ಮಕ್ಕಳ ಡಾಕ್ಟರಿಗೂ ತೋರಿಸಿ, ಚೀಟಿ ಕೊಡ್ತೀನಿ. ಎಡಗೈ ಮಾತ್ರ ಕಟ್ಟಬೇಡಿ. ಇದ್ದ ಒಂದು ಕೈಯನ್ನೂ ಕಿತ್ತುಕೊಂಡ ಹಾಗೆ."

ಸೂರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ವಾಸಿ ಆಗ್ತೈತಾ ಸಾಮಿ?"

"ಪೂರ್ತಿ ವಾಸಿ ಅಂತ ಸುಳ್ಳು ಹೇಳಲ್ಲ. ಬಹಳಷ್ಟು ಕಲಿಸಬಹುದು. ಮೊದಲ ಮೂರು ವರ್ಷ ಮೆದುಳು ಬೇಗ ಕಲಿಯುತ್ತೆ. ಆರು ತಿಂಗಳ ಹಿಂದೆ ಬಂದಿದ್ದರೆ ಇನ್ನೂ ಚೆನ್ನಾಗಿತ್ತು."

ಗಾದ್ರಪ್ಪ ನನ್ನ ಕಡೆ ತಿರುಗಿದರು. "ಆವಾಗ್ಲೇ ಯಾಕ್ ಹೇಳ್ಲಿಲ್ಲಮ್ಮ?"

"ನಾನು ತೂಕ ಮಾತ್ರ ನೋಡಿದೆ, ತಪ್ಪು ನಂದೇ," ಅಂದೆ.

"ಮನೇಲಿ ದಿನಾ ಮಾಡಿಸಬೇಕು. ಯಾರು ಮಾಡ್ತೀರಿ?" ಅಂತ ಗೋವರ್ಧನ ಕೇಳಿದರು. ಸ್ವಪ್ನಳಿಗಿಂತ ಮೊದಲು ಗಾದ್ರಪ್ಪನೇ ಚಾಪೆಯ ಮೇಲೆ ಕೂತು, "ಹೆಂಗ್ ಹಿಡೀಬೇಕು ತೋರಿಸ್ರಿ" ಅಂದರು.

ಅಂದಿನಿಂದ ದಿನಾ ಬೆಳಿಗ್ಗೆ, ಸಂಜೆ ಆಟ ನಡೆಯಿತು. ಉಣ್ಣೆಯ ದೊಡ್ಡ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿಸುವುದು, ಬಲ ಮೊಣಕೈ ಊರಿಸಿ ಆಡಿಸುವುದು, ಊಟಕ್ಕೆ ಬಲಗೈ ತೊಳೆದು ಮುದ್ದೆ ಮುಟ್ಟಿಸುವುದು. ಸುಲಭ ಏನಲ್ಲ. ಮಗು ಅತ್ತ ದಿನ ಸೂರಮ್ಮನೂ ಅಳುತ್ತಿದ್ದರು. ಗುರುವಾರ ಮಾತ್ರ ಒಂದೂ ತಪ್ಪಿಸಲಿಲ್ಲ.

ಒಂದೂವರೆ ವರ್ಷವಾಯಿತು. ಪಾಲಮ್ಮ ಈಗ ನಡೆಯುತ್ತಾಳೆ, ಬಲಗಾಲು ಸ್ವಲ್ಪ ಎಳೆಯುತ್ತದೆ. ಬಲಗೈ ಎಡಗೈಯಷ್ಟು ಚುರುಕಿಲ್ಲ. ಆದರೆ ಎಡಗೈಯಲ್ಲಿ ತಟ್ಟೆ ಹಿಡಿದು, ಬಲಗೈಯಲ್ಲಿ ಮುದ್ದೆ ಮುರಿದು, ಸಾರಿಗೆ ಅದ್ದಿ ಬಾಯಿಗಿಡುತ್ತಾಳೆ. ಅರ್ಧ ಸಾರು ಲಂಗದ ಮೇಲೆ. ಯಾರಾದರೂ ಉಣಿಸಲು ಹೋದರೆ "ನಾನೇ" ಅಂತ ಕೂಗುತ್ತಾಳೆ.

ಅವ್ವಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ಇವತ್ತೇ ನಿಮ್ಮ ಮಗುವಿನ ಎರಡೂ ಕೈ ಬಿಡಿಸಿ ನೋಡಿ. ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಬಿಚ್ಚದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷದೊಳಗೆ ಒಂದೇ ಕೈ ಬಳಸಿದರೆ ಅಂಗನವಾಡಿಗೆ ಬನ್ನಿ. ನಾವು ಬರೀ ತೂಕ ನೋಡಿ ಕಳಿಸಿದರೆ ಬಿಡಬೇಡಿ, ಜಗಳ ಮಾಡಿ. ಡಾಕ್ಟರು ಮುಟ್ಟಿ ನೋಡದಿದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಥೆರಪಿ ಎಲ್ಲಿ ಸಿಗುತ್ತದೆ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ, ಹೇಳುವವರೆಗೂ ಕೇಳಿ.

"ಕಾದು ನೋಡೋಣ" ಅನ್ನುವವರು ಅಷ್ಟು ಹೇಳಿ ತಮ್ಮ ಮನೆಗೆ ಹೋಗುತ್ತಾರೆ. ಆ ಕೈ ಇಟ್ಟುಕೊಂಡು ಜೀವಮಾನ ಬದುಕಬೇಕಾದದ್ದು ನಿಮ್ಮ ಮಗು.