ಗಿಣ್ಣುಹಾಲು ಯಾರ ಪಾಲು?

ಹಸು ಈದ ಸುದ್ದಿ ಕರುವಿಗಿಂತ ಮೊದಲು ಎದ್ದು ಓಡಾಡುತ್ತದೆ. ದಟ್ಟಗಳ್ಳಿಯ ಮರಿಯಯ್ಯನ ಹಸು ಈದ ಬೆಳಗ್ಗೆಯೂ ಹಾಗೇ ಆಯಿತು. ಪೇಟೆಯ ಲಷ್ಕರ್ ಮೊಹಲ್ಲಾದಲ್ಲಿ ಅವನಿಂದ ಹಾಲು ಕೊಳ್ಳುವ ಮನೆಗಳವರು ಗಿಣ್ಣು ಯಾವಾಗ ಎಂದು ಕೇಳಿ ಕಳಿಸಿದರು.

ಮರಿಯಯ್ಯನಿಗೆ ಇದ್ದದ್ದು ತುಂಡು ಜಮೀನು, ಒಂದು ಹಳ್ಳಿಕಾರ್ ಹಸು. ತಳಿ ಕೆಡಬಾರದೆಂದು ಊರ ಹೋರಿಗಳ ಹತ್ತಿರ ಬಿಡದೆ, ದೂರದ ಊರಿಗೆ ನಡೆಸಿಕೊಂಡು ಹೋಗಿ ಜಾತಿ ಹೋರಿಗೆ ಕೂಡಿಸಿಕೊಂಡು ಬಂದಿದ್ದ. ಹಸುವಿಗೆ ವಯಸ್ಸಾಗಿತ್ತು. ಒಂದು ಹೆಣ್ಣುಗರು ಆದರೆ ಕೊಟ್ಟಿಗೆಯಲ್ಲಿ ತಳಿ ನಿಲ್ಲುತ್ತದೆ ಎಂದು ಅವನಿಗೂ ಹೆಂಡತಿ ಶಿವನಂಜಮ್ಮನಿಗೂ ಆಸೆ. ಆಗಿದ್ದೂ ಹೆಣ್ಣೇ.

ಕರು ನಡುಗುತ್ತಲೇ ಎದ್ದು ಕೆಚ್ಚಲು ಹುಡುಕಿತು. ಶಿವನಂಜಮ್ಮ ಹತ್ತಿರ ಬಿಡಲು ಹೋದಳು. ಹಸುವಿನ ಮಾಸು, ಅವರ ಮಾತಿನಲ್ಲಿ ಕಸ, ಇನ್ನೂ ಬಿದ್ದಿರಲಿಲ್ಲ. ಅತ್ತೆ ಚಾಮುಂಡಮ್ಮ ತಡೆದಳು.

"ಕಸ ಬೀಳೋಗಂಟ ಬಾಯಿ ಇಕ್ಕಿಸ್ಬ್ಯಾಡ ಕಣವ್ವ. ನಮ್ಮತ್ತೆ ಕಾಲದಿಂದ್ಲೂ ಅಂಗೇ."

ಕರುವನ್ನು ಗೂಟಕ್ಕೆ ಕಟ್ಟಿದರು. ಅದು ಹಗ್ಗ ಎಳೆದೂ ಎಳೆದೂ ಸಾಕಾಗಿ ಮಲಗಿತು. ಹೊತ್ತು ಇಳಿದ ಮೇಲೆ ಕಸ ಬಿತ್ತು. ಆಗಲೂ ಕೆಚ್ಚಲಿನ ಕೆಳಗೆ ಮೊದಲು ಹೋದದ್ದು ಶಿವನಂಜಮ್ಮನ ಚೊಂಬು. ಆ ಹಸು ಕೊಡುವುದೇ ಸ್ವಲ್ಪ. ಹಳದಿ ಬಣ್ಣದ ಮಂದ ಹಾಲೆಲ್ಲ ಚೊಂಬು ಸೇರಿ, ಕರುವಿಗೆ ಸಿಕ್ಕಿದ್ದು ಬರಿ ಮೊಲೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿ ಮನೆಮನೆಗೆ ಕಳಿಸಿದರು. ಶಿವನಂಜಮ್ಮನ ಮಕ್ಕಳೂ ತಟ್ಟೆ ನೆಕ್ಕಿದರು.

ವಾರ ತುಂಬುವ ಮೊದಲೇ ಕರುವಿಗೆ ಭೇದಿ ಹಿಡಿಯಿತು. ದನದ ಡಾಕ್ಟರು ಕೃಷ್ಣಸ್ವಾಮಿ ಬಂದು, ಕರುವಿನ ಕಣ್ಣುರೆಪ್ಪೆ ಬಿಡಿಸಿ ನೋಡಿದರು.

"ಮೊದಲು ಕರೆದ ಹಾಲು ಇದು ಕುಡೀತೇನಮ್ಮ?"

"ಇಲ್ಲ ಸ್ವಾಮಿ. ಗಿಣ್ಣು ಮಾಡ್ಬುಟ್ಟೆ."

ಡಾಕ್ಟರು ಬೈಯಲಿಲ್ಲ. ರೋಗ ತಡೆಯುವ ಬಲ ಕರುವಿಗೆ ಬರುವುದೇ ಆ ಮಂದ ಹಾಲಿನಿಂದ, ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಕುಡಿದರೆ ಮಾತ್ರ ಅದು ಮೈಗೆ ಹತ್ತುತ್ತದೆ, ತಡವಾದರೆ ಪ್ರಯೋಜನ ಕಡಿಮೆ ಎಂದು ತಿಳಿಸಿದರು. ಕಸಕ್ಕೆ ಕಾಯಬೇಕಾಗಿಲ್ಲ, ಕರು ಚೀಪಿದರೆ ಅದು ಬೀಳುವುದಕ್ಕೂ ಅನುಕೂಲ ಎಂದರು. ಚಾಮುಂಡಮ್ಮನಿಗೆ ನಂಬಿಕೆ ಬರಲಿಲ್ಲ.

"ನಾನು ಸಾಕಿದ ಕರ ಬದುಕ್ಲಿಲ್ವಾ ಸ್ವಾಮಿ? ಅವಕ್ಕೆ ಯಾವ ಡಾಕ್ಟ್ರು ಬಂದಿದ್ರು?"

"ಬದುಕಿದ್ದು ಕಣ್ಮುಂದೆ ಇತ್ತು, ಲೆಕ್ಕಕ್ಕೆ ಬಂತು. ಸತ್ತದ್ದಕ್ಕೆ ದೃಷ್ಟಿ ಆಯ್ತು ಅಂದ್ಬಿಟ್ರಿ. ಅಲ್ವೇನಜ್ಜಿ?"

ಚಾಮುಂಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ಔಷಧಿ ಕುಡಿಸಿದರೂ ಕರು ಉಳಿಯಲಿಲ್ಲ. ಮಾರನೆಯ ದಿನ ಲಷ್ಕರ್ ಮೊಹಲ್ಲಾದ ವಸಂತಮ್ಮ ಗಿಣ್ಣಿನ ಪಾತ್ರೆ ಹಿಂತಿರುಗಿಸಲು ಜಟಕಾದಲ್ಲಿ ಬಂದಿಳಿದರು. ಬರಿಪಾತ್ರೆ ಕೊಡಬಾರದೆಂದು ಅದರಲ್ಲಿ ಒಂದು ಅಚ್ಚು ಬೆಲ್ಲ ಇಟ್ಟಿದ್ದರು.

"ಗಿಣ್ಣು ಬೆಣ್ಣೆ ಇದ್ದಂಗಿತ್ತು ಕಣ್ರೀ. ಎಲ್ಲಿ ಕರು? ನೋಡ್ಕೊಂಡು ಹೋಗೋಣ ಅಂತ ಬಂದೆ."

ಶಿವನಂಜಮ್ಮ ಪಾತ್ರೆ ತೆಗೆದುಕೊಂಡಳು. ತನ್ನ ಮಕ್ಕಳ ತಟ್ಟೆಗೆ ಬಡಿಸಿದ್ದು ಯಾವ ಮಗುವಿನ ಪಾಲು ಎಂದು ಅವಳಿಗೆ ಆಗ ತಿಳಿಯಿತು. ಗೂಟದಲ್ಲಿ ಹಗ್ಗವೊಂದೇ ಇತ್ತು.

ಅದೇ ಹಸು ಮತ್ತೊಮ್ಮೆ ಈಯಿತು. ಈ ಸಲ ಚಾಮುಂಡಮ್ಮನೇ ಕರುವಿನ ಮೈ ಒರೆಸಿ, ಎತ್ತಿಕೊಂಡು ಹೋಗಿ ಕೆಚ್ಚಲಿಗೆ ಬಾಯಿ ಕೊಟ್ಟಳು.

"ಕುಡೀಲಿ ಬುಡವ್ವ. ಕಸ ಯಾವಾಗ್ಲಾದ್ರೂ ಬೀಳ್ಲಿ."

ಕಸ ತಾನಾಗಿ ಬಿತ್ತು. ಗಿಣ್ಣು ಕೇಳಿಕೊಂಡು ಬಂದವರಿಗೆ ಮುದುಕಿಯ ಉತ್ತರ ಸಿದ್ಧವಾಗಿತ್ತು: "ಎಲ್ಲಾ ಈ ಕಳ್ಳ ಕುಡ್ದುಬುಟ್ಟ ಕಣಮ್ಮ, ಅವನ್ನೇ ಕೇಳಿ."

ಕರು ಗಟ್ಟಿಯಾಗಿ ಬೆಳೆಯಿತು. ಆದರೆ ಅದು ಗಂಡು. ಹಸು ಮತ್ತೆ ಗಬ್ಬವಾಗಲಿಲ್ಲ. ಹೋರಿಯನ್ನು ನೋಡಿ ದಾರಿಹೋಕರು ಹೊಗಳಿದಾಗಲೆಲ್ಲ ಶಿವನಂಜಮ್ಮನ ಕಣ್ಣು ಪಕ್ಕದ ಖಾಲಿ ಗೂಟಕ್ಕೆ ಹೋಗುತ್ತದೆ.

ಹಸು ಸಾಕುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಸು ಈದಾಗ ಚೊಂಬು ಒಳಗೇ ಇರಲಿ. ಕಸಕ್ಕೆ ಕಾಯದೆ ಮೊದಲ ಹಾಲನ್ನು ಕರುವಿಗೆ ಹೊಟ್ಟೆ ತುಂಬ ಕುಡಿಸಿ, ಉಳಿದರೆ ಗಿಣ್ಣು. ಹಾಲು ಕೊಳ್ಳುವ ಮನೆಯವರೇ, ಗಿಣ್ಣು ಕೇಳುವ ಮೊದಲು ಕರು ಕುಡಿಯಿತೇ ಎಂದು ಕೇಳಿ. ಆ ದಿನ ಯಾರಾದರೂ ಹಾಗೆ ಕೇಳಿದ್ದರೆ ಶಿವನಂಜಮ್ಮನ ಆ ಗೂಟದಲ್ಲಿ ಇವತ್ತು ಒಂದು ಹಸು ಇರುತ್ತಿತ್ತು.