ಗಡ್ಡ ಕಿತ್ತ ಮೇಲೆ

ಗಡ್ಡದೊಳಗೆ ಏನೋ ಹರಿದಾಡುತ್ತಿದೆ, ಇರುವೆಯೋ ಬೆವರೋ, ಕೆರೆಯುವಂತಿಲ್ಲ, ಕೆರೆದರೆ ಅಂಟು ಬಿಡುತ್ತದೆ, ಅಂಟು ಬಿಟ್ಟರೆ ಅಕ್ಕ ನನ್ನನ್ನು ಬಿಡುವುದಿಲ್ಲ — ಗಂಭೀರವಾಗಿ ನಿಂತ್ಕೋ, ಅವನು ದೊಡ್ಡ ಕಾದಂಬರಿಕಾರ, ನಿನ್ನ ಸೀರಿಯಲ್ ವಿಲನ್ ಅಲ್ಲ. ಆಯ್ತಕ್ಕ. ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಕಪ್ಪು ಕೋಟು, ಉದ್ದ ಬೂಟು, ಎದೆಯವರೆಗೆ ಗಡ್ಡ, ಕೈಯಲ್ಲಿ ಕರಪತ್ರ, ರಷ್ಯಾದ ಮಹಾನ್ ಕಾದಂಬರಿಕಾರನ ಬದುಕು ಬರಹ ಪ್ರದರ್ಶನ, ಪ್ರವೇಶ ಉಚಿತ, ಬನ್ನಿ ಬನ್ನಿ — ಬಿಸಿಲು ಇಳಿಯುತ್ತಾ ಬಂತು, ಬೆಳಗಿನಿಂದ ಬಂದವನು ಒಬ್ಬ, ಅವನಿಗೆ ಬೇಕಾದದ್ದು ಶೌಚಾಲಯ. ಒಳಗೆ ಅಕ್ಕ ಗಾಜಿನ ಪೆಟ್ಟಿಗೆಗಳನ್ನು ಒರೆಸುತ್ತಿರುತ್ತಾಳೆ, ಯಾರಾದರೂ ಮುಟ್ಟಿದ್ದರಲ್ಲವೇ ಒರೆಸುವುದಕ್ಕೆ. ಕಾದಂಬರಿಕಾರನ ಮಸಿಕುಡಿಕೆ, ಕನ್ನಡಕ, ಕರಡಿನ ಹಾಳೆ, ಇಷ್ಟನ್ನು ಎರವಲು ತರಿಸುವಷ್ಟರಲ್ಲಿ ಅವಳ ಕೂದಲು ಬೆಳ್ಳಗಾಯಿತು, ಈಗ ಮ್ಯೂಸಿಯಮ್ಮಿನ ಕಾರ್ಯದರ್ಶಿ ಹೇಳುತ್ತಾನೆ, ಸಂಜೆ ಬಂದು ನೋಡ್ತೀನಿ ಮೇಡಂ, ಹಾಲ್ ಹೀಗೇ ಖಾಲಿ ಹೊಡೀತಿದ್ರೆ ನಾಳೆ ಎಲ್ಲ ಬಿಚ್ಚಿಸಿಬಿಡಿ, ಸೋಫಾ ಮಾರೋರು ಹಾಲ್ ಬಾಡಿಗೆಗೆ ಕೇಳ್ತಿದಾರೆ. ಸೋಫಾ. ಅದಕ್ಕೇ ಅಕ್ಕನಿಂದ ನನಗೆ ಫೋನು, ನನ್ನ ಸೀರಿಯಲ್ಲನ್ನು ಒಂದು ದಿನವೂ ನೋಡದವಳು, ಅತ್ತೇನ ಬಾವಿಗೆ ನೂಕೋದನ್ನ ಏನು ನೋಡೋದು ಎಂದವಳು — ಇನ್ನು ಆಗದು, ಕೆರೆದೇಬಿಟ್ಟೆ, ಗಡ್ಡ ಕೈಗೇ ಬಂತು, ಕೆನ್ನೆಗೆ ಗಾಳಿ, ಎಂಥ ಸುಖ, ಅಷ್ಟರಲ್ಲಿ ತರಕಾರಿ ಚೀಲದ ಹೆಂಗಸೊಬ್ಬಳು ಗಕ್ಕನೆ ನಿಂತಳು, ನೋಡೇ ಇವನೇ, ಅತ್ತೇನ ಬಾವಿಗೆ ನೂಕಿದೋನು, ಗಡ್ಡ ಅಂಟಿಸ್ಕೊಂಡು ತಲೆ ಮರೆಸ್ಕೊಂಡಿದಾನೆ. ಗೆಳತಿಯರು ಬಂದರು, ಬಸ್ಸಿಗೆ ಕಾಯುತ್ತಿದ್ದವರೂ ಬಂದರು, ನಿಂಗೆ ಅಕ್ಕ ತಂಗಿ ಯಾರೂ ಇಲ್ವೇನೋ, ಇದಾಳಮ್ಮ, ಒಳಗಿದಾಳೆ, ಹಾಗಾದ್ರೆ ಅವಳನ್ನೇ ಕೇಳ್ತೀವಿ ನಡಿ — ನಡೆದೇಬಿಟ್ಟರು, ನಾನು ಮುಂದೆ, ಬೈಗುಳ ಹಿಂದೆ, ಬೈಯಿರಿ ತಾಯಿ, ಬೈಯುತ್ತಲೇ ಒಳಗೆ ಬನ್ನಿ. ಅಕ್ಕನ ಮುಖ ಕೆಂಪಾಗಿದೆ, ಗಡ್ಡ ಎಲ್ಲೋ, ಜೇಬಲ್ಲಿದೆ ಅಕ್ಕ. ಚೀಲದವಳು ಕರಡಿನ ಹಾಳೆಯ ಮೇಲೆ ಬಗ್ಗಿ, ಯಾಕಮ್ಮ ಇಷ್ಟೊಂದು ಹೊಡೆದು ಹಾಕಿದಾನೆ, ಅಕ್ಕ ಮೊದಲು ತಡವರಿಸಿ ಆಮೇಲೆ ತಡೆಯೇ ಇಲ್ಲದೆ, ಕೆಟ್ಟವನಿಗೆ ಏನು ಶಿಕ್ಷೆ ಕೊಡೋದು ಅಂತ ತೋಚಿಲ್ಲಮ್ಮ ಅವನಿಗೆ, ಬರೆದ, ಹೊಡೆದ, ಮತ್ತೆ ಬರೆದ. ಕೊನೆಗೇನು ಮಾಡಿದ? ಕ್ಷಮಿಸಿಬಿಟ್ಟ. ಎಲ್ಲರೂ ನನ್ನ ಕಡೆ ತಿರುಗಿದರು. ಇವನನ್ನ ನಾವು ಕ್ಷಮಿಸೋದಿಲ್ಲ, ಚೀಲದವಳು ಹೇಳಿದಳು, ಅದಿರಲಿ, ಆ ಪೆಟ್ಟಿಗೇಲಿ ಏನಿದೆ ತೋರಿಸು — ಅಕ್ಕ ನಕ್ಕಳು, ಒಂದರ ಮೇಲೊಂದು ಹತ್ತಿದ ಆ ಹಲ್ಲು, ಕಾಣದಿರಲೆಂದು ಯಾವಾಗಲೂ ಕೈ ಅಡ್ಡ ಇಡುವ ಹಲ್ಲು, ಕೈ ಎಲ್ಲಿ, ಕೈ ಕನ್ನಡಕ ತೋರಿಸುತ್ತಿದೆ. ಬಾಗಿಲಲ್ಲಿ ಕಾರ್ಯದರ್ಶಿ, ಸಾಲಿನವರು ಅವನನ್ನು ತಡೆದರು, ನುಗ್ಗಬೇಡಿ ಸಾರ್, ಸಾಲಲ್ಲಿ ಬನ್ನಿ, ನಾವೇನು ಕೆಲಸ ಇಲ್ದೆ ನಿಂತಿದೀವಾ, ಅವನು ಹಿಂದೆ ಹೋಗಿ ನಿಂತ, ಕರಪತ್ರದಿಂದ ಗಾಳಿ ಬೀಸಿಕೊಂಡ, ಮೇಡಂ, ಬಿಚ್ಚೋದು ಬೇಡ, ಹಾಗೇ ಇರಲಿ, ಎಂದು ಅಲ್ಲಿಂದಲೇ ಕೂಗಿದ. ಅಕ್ಕನಿಗೆ ಕೇಳಿಸಿತು, ಅವನತ್ತ ನೋಡಲಿಲ್ಲ, ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕಿದಳು, ಕಂಡೊಡನೆ ಮತ್ತೆ ನಕ್ಕಳು, ಆ ಹಲ್ಲು, ಬಾಯಿಗೆ ಕೈ ಇಲ್ಲ, ಆ ಹಲ್ಲು —